ವಿಟಮಿನ್ ಡಿ 18 ಅಂತ ಬಂದರೆ ಅದು ಕಾಯಿಲೆಯಾ?

ಬೆಂಗಳೂರಿನಲ್ಲಿ 'ಫುಲ್ ಬಾಡಿ ಚೆಕಪ್' ಮಾಡಿಸಿದವರ ರಿಪೋರ್ಟ್ ತೆಗೆದು ನೋಡಿ. ಶುಗರ್ ಸರಿ, ಥೈರಾಯ್ಡ್ ಸರಿ, ಕೊಲೆಸ್ಟರಾಲ್ ಗಡಿಯಲ್ಲಿ. ಕೊನೆಯ ಪುಟಗಳಲ್ಲೆಲ್ಲೋ ವಿಟಮಿನ್ ಡಿ ಇರುತ್ತದೆ. ಅದರ ಮುಂದೆ ದಪ್ಪ ಅಕ್ಷರದಲ್ಲಿ 18, ಪಕ್ಕದಲ್ಲಿ 'ಕೊರತೆ' ಅನ್ನುವ ಷರಾ. ಮನೆಯಲ್ಲಿ ನಾಲ್ಕು ಜನ ಮಾಡಿಸಿದ್ದರೆ ನಾಲ್ವರದ್ದೂ ಹೆಚ್ಚುಕಡಿಮೆ ಹೀಗೇ. ಮಾರನೇ ದಿನ ಮೆಡಿಕಲ್ ಸ್ಟೋರ್‌ನಿಂದ ವಾರಕ್ಕೊಂದರಂತೆ ವಿಟಮಿನ್ ಡಿ ಪುಡಿಯ ಎಂಟು ಸ್ಯಾಶೆ ಮನೆಗೆ ಬರುತ್ತವೆ.

ಈ ನಡುವೆ ಸುದ್ದಿಗಳು ಬೇರೆ ತಲೆ ಕೆಡಿಸುತ್ತವೆ. 2024ರ ಜೂನ್‌ನಲ್ಲಿ ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ, ಆರೋಗ್ಯವಾಗಿರುವವರು ಸುಮ್ಮಸುಮ್ನೆ ವಿಟಮಿನ್ ಡಿ ಟೆಸ್ಟ್ ಮಾಡಿಸಬೇಕಿಲ್ಲ ಎಂದಿತು. ವರ್ಷ ಕಳೆಯುವುದರೊಳಗೆ, 2025ರ ಮೇನಲ್ಲಿ, ವಿಟಮಿನ್ ಡಿ ವಯಸ್ಸಾಗುವುದನ್ನೇ ನಿಧಾನ ಮಾಡುತ್ತದೆ ಎಂಬ ತಲೆಬರಹ ಎಲ್ಲ ಕಡೆ ಓಡಾಡಿತು. ಮಧ್ಯೆ ಮಧ್ಯೆ, ಬಿಸಿಲಿನ ದೇಶವಾದ ಭಾರತದಲ್ಲಿ ಬಹುಪಾಲು ಜನರಿಗೆ ಕೊರತೆ ಇದೆ ಎಂಬ ವರದಿ ತಪ್ಪದೇ ಬರುತ್ತದೆ. ಟೆಸ್ಟೇ ಬೇಡ ಅನ್ನುವವರನ್ನು ನಂಬಬೇಕೋ, ಎಲ್ಲರಿಗೂ ಬೇಕು ಅನ್ನುವವರನ್ನೋ?

ಈ ಸುದ್ದಿಗಳು ಕಾಣುವಷ್ಟು ಒಂದಕ್ಕೊಂದು ವಿರುದ್ಧವಾಗಿಲ್ಲ. ಬೇರೆ ಬೇರೆ ಜನರ ಬಗ್ಗೆ ಕೇಳಿದ ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು ಒಟ್ಟಿಗೆ ಬಂದು ಸಿಕ್ಕಾಗಿವೆ, ಅಷ್ಟೇ. ಒಂದೊಂದಾಗಿ ಬಿಡಿಸಿ ನೋಡೋಣ.

ಚರ್ಮದಲ್ಲಿ ತಯಾರಿ, ಮೂಳೆಯಲ್ಲಿ ಕೆಲಸ

ಹೆಸರಿಗೆ ಇದು ವಿಟಮಿನ್, ಕೆಲಸ ನೋಡಿದರೆ ಹಾರ್ಮೋನು. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲ್‌ಗೆ ಹತ್ತಿರದ ನೆಂಟ ಅನ್ನಬಹುದಾದ ಒಂದು ವಸ್ತುವಿದೆ. ಬಿಸಿಲಿನಲ್ಲಿರುವ ಯುವಿಬಿ ಕಿರಣ ತಾಗಿದಾಗ ಅದು ವಿಟಮಿನ್ ಡಿ3 ಆಗುತ್ತದೆ. ರಕ್ತದಲ್ಲಿ ಸೇರಿ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿಂದ ಕಿಡ್ನಿಗೆ. ಎರಡೂ ಕಡೆ ಅದಕ್ಕೆ ಒಂದೊಂದು ಬದಲಾವಣೆ. ಲಿವರ್‌ನಿಂದ ಹೊರಬರುವ ರೂಪವನ್ನು ಲ್ಯಾಬಿನವರು ಅಳೆಯುತ್ತಾರೆ. ಕಿಡ್ನಿಯಿಂದ ಹೊರಬರುವ ರೂಪ ಮೈಯಲ್ಲಿ ಕೆಲಸ ಮಾಡುತ್ತದೆ. ಕಿಡ್ನಿ ತೊಂದರೆ ಜಾಸ್ತಿಯಾದವರಿಗೆ ಡಾಕ್ಟರು ಬೇರೆ ಥರದ ವಿಟಮಿನ್ ಡಿ ಬರೆಯುವುದು ಇದಕ್ಕೇ.

ಇದರ ಮುಖ್ಯ ಕೆಲಸ ಕರುಳಿನಲ್ಲಿ. ರಾಗಿಯನ್ನೇ ತೆಗೆದುಕೊಳ್ಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ವಿಟಮಿನ್ ಡಿ ಇಲ್ಲದಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ಶೇ 10–15ರಷ್ಟನ್ನು ಮಾತ್ರ ಕರುಳು ಹೀರುತ್ತದೆ. ಸಾಕಷ್ಟಿದ್ದರೆ ಶೇ 30–40ರವರೆಗೆ. ಊಟದಿಂದ ಬರುವುದು ಕಡಿಮೆಯಾದರೆ ರಕ್ತದ ಕ್ಯಾಲ್ಸಿಯಂ ಇಳಿಯಬೇಕು. ಹೃದಯ, ನರ ಎಲ್ಲವೂ ಅದರ ಮೇಲೇ ನಡೆಯುವುದರಿಂದ ದೇಹ ಇಳಿಯಲು ಬಿಡುವುದಿಲ್ಲ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚೆತ್ತು ಮೂಳೆಯಿಂದ ಸಾಲ ತೆಗೆಯುತ್ತದೆ. ಸಾಲ ವರ್ಷಗಟ್ಟಲೆ ನಡೆದರೆ ಮಕ್ಕಳಲ್ಲಿ ರಿಕೆಟ್ಸ್, ಕಾಲು ಬಿಲ್ಲಿನಂತೆ ಬಾಗುತ್ತದೆ. ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ. ಸೊಂಟ, ತೊಡೆ, ಪಕ್ಕೆಲುಬು ಒಳಗೊಳಗೇ ನೋಯುತ್ತವೆ. ನೆಲದ ಮೇಲೆ ಊಟಕ್ಕೆ ಕೂತವರು ಏಳುವಾಗ ಎರಡೂ ಕೈ ತೊಡೆಗೆ ಊರಿ, ಗೋಡೆ ಹಿಡಿದು, ಅರ್ಧ ಎದ್ದು ಒಂದು ಕ್ಷಣ ನಿಂತು ಆಮೇಲೆ ಪೂರ್ತಿ ಏಳುತ್ತಾರೆ. 'ವಯಸ್ಸಾಯ್ತು' ಅಂದುಕೊಂಡು ಮನೆಯವರೂ ಸುಮ್ಮನಾಗುತ್ತಾರೆ.

ಇಷ್ಟರ ಬಗ್ಗೆ ಯಾವ ಪಂಥದವರಿಗೂ ತಕರಾರಿಲ್ಲ. 1890ರಲ್ಲೇ ಥಿಯೋಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯ, ಹೊಗೆ ಮುಚ್ಚಿದ ಬ್ರಿಟನ್ನಿನ ಊರುಗಳಲ್ಲಿ ರಿಕೆಟ್ಸ್ ಜಾಸ್ತಿ, ಬಿಸಿಲಿರುವ ಪೂರ್ವದ ದೇಶಗಳಲ್ಲಿ ಅಪರೂಪ ಎಂದು ಬರೆದಿದ್ದ. ಆಗ ಉದಾಹರಣೆಯಾಗಿದ್ದ ಬಿಸಿಲಿನ ದೇಶಗಳಲ್ಲಿ ನಮ್ಮದೂ ಒಂದು. 1922ರಲ್ಲಿ ಎಲ್ಮರ್ ಮೆಕಾಲಮ್ ಈ ವಸ್ತುವಿಗೆ ಎ, ಬಿ, ಸಿ ಆದಮೇಲಿನ ಅಕ್ಷರ ಕೊಟ್ಟ.

ಜಗಳ ಇರುವುದು ಎಷ್ಟಿದ್ದರೆ ಸಾಕು ಅನ್ನುವುದರಲ್ಲಿ.

12, 20, 30: ಗೆರೆ ಎಳೆದವರು ಯಾರು?

2010ರ ಕೊನೆಗೆ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ರಕ್ತದ ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಶೇ 97.5 ಜನರ ಮೂಳೆಗೆ ಸಾಕು ಎಂದಿತು. ಮರುವರ್ಷ ಎಂಡೋಕ್ರೈನ್ ಸೊಸೈಟಿ ಬೇರೆ ಮಾತು ಹೇಳಿತು: 20ಕ್ಕಿಂತ ಕೆಳಗಿದ್ದರೆ ಕೊರತೆ, 21ರಿಂದ 29 ಇದ್ದರೂ ಸಾಲದು, 30 ದಾಟಬೇಕು. ಲ್ಯಾಬುಗಳು ಹಿಡಿದುಕೊಂಡದ್ದು ಈ ಎರಡನೆಯದನ್ನು. ಇವತ್ತಿಗೂ ಬೆಂಗಳೂರಿನ ರಿಪೋರ್ಟುಗಳಲ್ಲಿ ಅಚ್ಚಾಗುವುದು ಹೆಚ್ಚಾಗಿ ಅದೇ ಗೆರೆ.

ಆ 2011ರ ಸಮಿತಿಯ ಅಧ್ಯಕ್ಷರು ಬೋಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಹೋಲಿಕ್. ವಿಟಮಿನ್ ಡಿ ಸಂಶೋಧನೆಯಲ್ಲಿ ದೊಡ್ಡ ಹೆಸರು. 2013ರಿಂದ 2017ರವರೆಗೆ ಔಷಧ ಕಂಪನಿಗಳಿಂದ ಅವರಿಗೆ ಸುಮಾರು 1,63,000 ಡಾಲರ್ ಸಂದಾಯವಾಗಿದೆ ಎಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅದು ತಮ್ಮ ಅಭಿಪ್ರಾಯವನ್ನು ಬದಲಿಸಿಲ್ಲ ಎಂದು ಅವರು ಹೇಳಿದರು. ದುಡ್ಡಿನ ವಿಷಯ ಬದಿಗಿಟ್ಟು ನೋಡಿದರೂ ಗೆರೆ ಮೇಲೇರಿದಾಗ ಏನಾಗುತ್ತದೆ ಅನ್ನುವುದು ಸರಳ ಲೆಕ್ಕ. ಜನರ ಮೈಯಲ್ಲಿ ಏನೂ ಬದಲಾಗದೆ ಒಂದೇ ರಾತ್ರಿಯಲ್ಲಿ ಕೋಟಿಗಟ್ಟಲೆ ಜನ 'ಕೊರತೆಯವರು' ಆಗುತ್ತಾರೆ.

20ರ ಅರ್ಥವನ್ನೂ ಸರಿಯಾಗಿ ಹಿಡಿಯಬೇಕು. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ತಲೆಗಿಷ್ಟು ಅಕ್ಕಿ ಅಂತ ಅಂದಾಜು ಹಾಕುವಾಗ ಚೆನ್ನಾಗಿ ಉಣ್ಣುವವನಿಗೂ ಸಾಲುವಂತೆ ಹಾಕುತ್ತಾರೆ, ಅಲ್ವಾ? ಅಷ್ಟು ಉಣ್ಣದೆ ಎದ್ದವರೆಲ್ಲ ಅರೆಹೊಟ್ಟೆಯಲ್ಲಿ ಎದ್ದರು ಅಂತ ಯಾರೂ ಹೇಳುವುದಿಲ್ಲ. 20 ಅನ್ನುವುದು ಭಟ್ಟರ ಅಂದಾಜು. ಸರಾಸರಿ ಮನುಷ್ಯನ ಅಗತ್ಯಕ್ಕೆ 16 ಸಾಕು. ಮೂಳೆಗೆ ಅಪಾಯ ಸ್ಪಷ್ಟವಾಗುವುದು 12ರ ಕೆಳಗೆ. 2010ರ ಆ ವರದಿ ಬರೆದವರಲ್ಲೇ ಕೆಲವರು 2016ರಲ್ಲಿ ಮತ್ತೆ ಲೇಖನ ಬರೆದು, ತಮ್ಮ 20ನ್ನು ಕೊರತೆಯ ಗೆರೆ ಅಂತ ಬಳಸುವುದು ತಪ್ಪು ಎಂದರು. ಅದೇ ವರ್ಷ ಬ್ರಿಟನ್ನಿನ ಪೋಷಣಾ ಸಮಿತಿ ಗೆರೆಯನ್ನು 10ಕ್ಕೆ ಇಟ್ಟಿತು.

ಗೆರೆ ಸರಿದರೆ ದೇಶದ ಚಿತ್ರ ಎಷ್ಟು ಬದಲಾಗುತ್ತದೆ ನೋಡಿ. 20ರ ಗೆರೆ ಹಿಡಿದು ಮಾಡಿದ ಭಾರತದ ಬಹಳಷ್ಟು ಅಧ್ಯಯನಗಳಲ್ಲಿ ಕೊರತೆ ಶೇ 70ರ ಆಚೆಗೆ ಬರುತ್ತದೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 12ರ ಗೆರೆ ಹಿಡಿಯಿತು. ಅದರಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಕೊರತೆ ಶೇ 14, 5ರಿಂದ 9ರವರಲ್ಲಿ ಶೇ 18, ಹದಿಹರೆಯದವರಲ್ಲಿ ಶೇ 24. ವಯಸ್ಸು, ಊರು ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಲಾಗದು, ನಿಜ. ಆದರೂ 'ಬಹುತೇಕ ಎಲ್ಲರಿಗೂ' ಅನ್ನುವುದಕ್ಕೂ 'ನಾಲ್ವರಲ್ಲಿ ಒಬ್ಬರಿಗೆ' ಅನ್ನುವುದಕ್ಕೂ ಇರುವ ಅಂತರದಲ್ಲಿ ಗೆರೆಯ ಪಾಲು ದೊಡ್ಡದು. ನಾಲ್ವರಲ್ಲಿ ಒಬ್ಬರು ಅನ್ನುವುದೂ ಸಣ್ಣ ಸಂಖ್ಯೆಯೇನಲ್ಲ.

2024ರ ಹೊಸ ಮಾರ್ಗಸೂಚಿಯಲ್ಲಿ ಎಂಡೋಕ್ರೈನ್ ಸೊಸೈಟಿ ತಾನೇ ಎಳೆದ 30ರ ಗೆರೆಯನ್ನು ಕೈಬಿಟ್ಟಿತು. ರಿಪೋರ್ಟಿನ ಫಾರ್ಮ್ಯಾಟ್ ಮಾತ್ರ ಹಾಗೇ ಉಳಿಯಿತು.

ಕೊರತೆಯಿಂದ ಕಾಯಿಲೆಯೋ, ಕಾಯಿಲೆಯಿಂದ ಕೊರತೆಯೋ

ಹಾರ್ಟು, ಕ್ಯಾನ್ಸರ್, ಶುಗರ್, ಖಿನ್ನತೆ, ಕೋವಿಡ್. ಯಾವ ಕಾಯಿಲೆಯವರನ್ನು ಪರೀಕ್ಷಿಸಿದರೂ ವಿಟಮಿನ್ ಡಿ ಕಡಿಮೆ ಕಾಣುತ್ತದೆ. ಹಾಗಾದರೆ ಕೊರತೆಯೇ ಕಾರಣ ಇರಬೇಕಲ್ಲ? ಇಲ್ಲೇ ಎಡವುವುದು. ಕಾಯಿಲೆಯವರು ಮನೆಯಿಂದ ಹೊರಗೆ ಹೋಗುವುದು ಕಡಿಮೆ. ಬಿಸಿಲು ಬೀಳುವುದಿಲ್ಲ. ಮೈ ತೂಕ ಜಾಸ್ತಿ ಇರುವವರಲ್ಲಿ ವಿಟಮಿನ್ ಡಿ ಕೊಬ್ಬಿನಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ, ಅವರಿಗೇ ಶುಗರ್ ಬರುವ ಸಾಧ್ಯತೆಯೂ ಹೆಚ್ಚು. ಕೊರತೆ ಇಲ್ಲಿ ಕಾರಣವೂ ಇರಬಹುದು, ಬರೀ ಗುರುತೂ ಇರಬಹುದು.

ಬಿಡಿಸಿ ನೋಡುವ ದಾರಿ ಒಂದೇ. ಒಂದಷ್ಟು ಜನಕ್ಕೆ ವಿಟಮಿನ್, ಒಂದಷ್ಟು ಜನಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಅಮೆರಿಕದ ವೈಟಲ್ ಪ್ರಯೋಗ ಅದನ್ನೇ ಮಾಡಿತು. 25,871 ಜನ, ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಐದು ವರ್ಷಕ್ಕೂ ಮೇಲೆ. 2018ರಲ್ಲಿ ಫಲಿತಾಂಶ ಬಂತು: ಕ್ಯಾನ್ಸರ್ ಬರುವುದಾಗಲೀ ಹೃದಯಾಘಾತವಾಗಲೀ ಕಡಿಮೆಯಾಗಲಿಲ್ಲ. 2022ರಲ್ಲಿ ಇನ್ನೊಂದು ಭಾಗ ಬಂತು: ಮೂಳೆ ಮುರಿತವೂ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ 21,000ಕ್ಕೂ ಹೆಚ್ಚು ಹಿರಿಯರಿಗೆ ತಿಂಗಳಿಗೆ 60,000 ಐಯು ಕೊಟ್ಟರು. ಸಾವಿನ ಪ್ರಮಾಣ ಬದಲಾಗಲಿಲ್ಲ.

ಪೂರ್ತಿ ಬರಿಗೈಯೂ ಅಲ್ಲ. ವೈಟಲ್‌ನಲ್ಲೇ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೇ ತಿರುಗಿಬೀಳುವಂಥವು, ಶೇ 22ರಷ್ಟು ಕಡಿಮೆ ಕಂಡವು. 2025ರ 'ಮುಪ್ಪು ನಿಧಾನ' ಸುದ್ದಿಯ ಮೂಲವೂ ಇದೇ ಪ್ರಯೋಗ. ಸುಮಾರು ಸಾವಿರ ಜನರ ರಕ್ತಕಣಗಳಲ್ಲಿ ಕ್ರೋಮೋಸೋಮಿನ ತುದಿಗಳು ಸವೆಯುವುದು ಸ್ವಲ್ಪ ನಿಧಾನವಾಯಿತು. ಆ ತುದಿ ಉದ್ದ ಉಳಿದರೆ ಮನುಷ್ಯ ಜಾಸ್ತಿ ದಿನ ಗಟ್ಟಿಯಾಗಿರುತ್ತಾನೆ ಅಂತ ಈ ಅಧ್ಯಯನ ತೋರಿಸಿಲ್ಲ. ತಲೆಬರಹ ಬರೆದವರು ಆ ಒಂದು ಮೆಟ್ಟಿಲನ್ನು ಹಾರಿಬಿಟ್ಟರು.

ನಮ್ಮ ಡಾಕ್ಟರುಗಳ ವಾದ

ವೈಟಲ್ ಹೀಗೆಂದಿತು ಅಂತ ಇಲ್ಲಿ ಸ್ಯಾಶೆ ನಿಲ್ಲಿಸಬೇಕಾ? ನಮ್ಮಲ್ಲಿ ಅನೇಕ ವೈದ್ಯರು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ತೂಕವಿದೆ. ವೈಟಲ್‌ಗೆ ಸೇರಿದವರ ಸರಾಸರಿ ಮಟ್ಟ ಶುರುವಿನಲ್ಲೇ 30ರ ಆಸುಪಾಸು ಇತ್ತು. ಹೊಟ್ಟೆ ತುಂಬಿದವರಿಗೆ ಇನ್ನೊಂದು ಮುದ್ದೆ ಬಡಿಸಿ, ಮುದ್ದೆಯಿಂದ ಪ್ರಯೋಜನ ಇಲ್ಲ ಅಂದ ಹಾಗಾಯಿತು. ಅಲ್ಲಿ ಹಾಲಿಗೆ ವಿಟಮಿನ್ ಡಿ ಬೆರೆಸುವುದು ದಶಕಗಳ ರೂಢಿ. ಇಲ್ಲಿ ಮಟ್ಟ 8, 9 ಇರುವವರೂ ಸಿಗುತ್ತಾರೆ, ಅವರಿಗೆ ಕೊಟ್ಟಾಗ ಮೈಕೈ ನೋವು ಇಳಿಯುವುದನ್ನು ಡಾಕ್ಟರುಗಳು ಕಣ್ಣಾರೆ ಕಂಡಿರುತ್ತಾರೆ.

ಇದಕ್ಕೆ ಇನ್ನೊಂದನ್ನು ಸೇರಿಸಬೇಕು, ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವಿಷಯ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಇರುವ ವಿಟಮಿನ್ ಡಿ ಬೇಗ ಖರ್ಚಾಗುತ್ತದೆ. ರಾಗಿಮುದ್ದೆ ಬಿಟ್ಟು ಪಾಲಿಶ್ ಅಕ್ಕಿ, ಮೈದಾಗೆ ಹೋದ ನಗರದ ತಟ್ಟೆಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಕ್ಯಾಲ್ಸಿಯಂ ಕೇಳದೆ ಬರೀ ವಿಟಮಿನ್ ಡಿ ಅಳೆಯುವುದು ಅರ್ಧ ಲೆಕ್ಕ.

ಅಂದರೆ ಎರಡೂ ಕಡೆಯವರು ಸರಿ, ಬೇರೆ ಬೇರೆ ರೋಗಿಗಳ ವಿಷಯದಲ್ಲಿ. 9 ಬಂದು ತೊಡೆ ನೋಯುವವರಿಗೆ ಚಿಕಿತ್ಸೆ ಬೇಕೇ ಬೇಕು. 22 ಬಂದು ಆರಾಮವಾಗಿ ಓಡಾಡಿಕೊಂಡಿರುವವರಿಗೆ ಔಷಧದಿಂದ ಏನಾದರೂ ಸಿಗುತ್ತದೆ ಅನ್ನಲು ಪುರಾವೆ ತೆಳು. 18 ಬಂದವರು ಇವರಿಬ್ಬರ ಮಧ್ಯೆ. ಅವರಿಗೆ ಊಟ, ಬಿಸಿಲು, ವಯಸ್ಸು, ನೋವು ನೋಡಿ ಹೇಳಬೇಕೇ ಹೊರತು ಅಂಕಿ ನೋಡಿ ಅಲ್ಲ.

ನೆರಳು ನೋಡಿ ಬಿಸಿಲು ಅಳೆಯಿರಿ

ಬೆಂಗಳೂರಿಗೆ ಬಿಸಿಲಿನ ಬರ ಇಲ್ಲ. ಊರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಇಲ್ಲಿ 'ಶೂನ್ಯ ನೆರಳಿನ ದಿನ'. ಏಪ್ರಿಲ್‌ನಲ್ಲಿ ಮಧ್ಯಾಹ್ನ 12.20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬಂದು, ನೆಟ್ಟಗೆ ನಿಲ್ಲಿಸಿದ ಬಾಟಲಿಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆಟದಂತೆ ಕಾಣುವ ಇದರಲ್ಲಿ ವಿಟಮಿನ್ ಡಿಯ ಲೆಕ್ಕವೂ ಇದೆ. ಸೂರ್ಯ ಕೆಳಗಿದ್ದಾಗ ಕಿರಣ ವಾತಾವರಣದಲ್ಲಿ ಓರೆಯಾಗಿ, ಜಾಸ್ತಿ ದೂರ ಬರಬೇಕು. ಯುವಿಬಿ ದಾರಿಯಲ್ಲೇ ಓಜೋನ್‌ನಲ್ಲಿ ಇಂಗಿಹೋಗುತ್ತದೆ. ಸುಲಭದ ಗುರುತು: ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಚರ್ಮದಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗುತ್ತದೆ, ಉದ್ದ ಇದ್ದರೆ ತೀರಾ ಕಡಿಮೆ.

ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ ನೆರಳು ಗಿಡ್ಡವಾಗುವ ಹೊತ್ತಿದೆ, ಹತ್ತೂವರೆಯಿಂದ ಸುಮಾರು ಎರಡರವರೆಗೆ. ಮಾರ್ಚ್‌ನಲ್ಲಿ ಒಂಬತ್ತೂವರೆಯಿಂದ ಮೂರು ಗಂಟೆ ದಾಟುವವರೆಗೆ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ಭಾಗ್ಯವೇ ಇಲ್ಲ.

ಹಾಗಿದ್ದರೆ ಲಾಲ್‌ಬಾಗಿನಲ್ಲಿ ಬೆಳಗ್ಗೆ ಆರಕ್ಕೆ ವಾಕಿಂಗ್? ಹೃದಯಕ್ಕೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು, ವಿಟಮಿನ್ ಡಿಗೆ ಹೆಚ್ಚೇನೂ ಇಲ್ಲ. 'ಎಳೆ ಬಿಸಿಲಿನಲ್ಲಿ ವಿಟಮಿನ್ ಡಿ' ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಗಟ್ಟಿಯಾಗಿದೆ. ಲೆಕ್ಕ ಅದರ ಪರ ಇಲ್ಲ. ಹಿಂದಿನವರು ಏಪ್ರಿಲ್ ಮಧ್ಯಾಹ್ನ ಮಹಡಿ ಮೇಲೆ ಸಂಡಿಗೆ ಹರವಿ, ಕಾಗೆ ಓಡಿಸುತ್ತಾ, ಮಧ್ಯೆ ಒಮ್ಮೆ ತಿರುವಿಹಾಕಿ ಬರುತ್ತಿದ್ದರಲ್ಲ, ಆ ಹೊತ್ತೇ ಸರಿಯಾದ ಹೊತ್ತು. ಈಗ ಆ ಹೊತ್ತಿಗೆ ಊರಿನ ಬಹುಪಾಲು ಜನ ಒಳಗಿರುತ್ತಾರೆ. ಟೆಕ್ ಪಾರ್ಕಿನ ಗಾಜಿನ ಗೋಡೆ ಬೆಳಕು ಬಿಡುತ್ತದೆ, ಯುವಿಬಿ ಬಿಡುವುದಿಲ್ಲ. ಕಾರಿನ ಕಿಟಕಿಯೂ ಹಾಗೇ. ಟ್ವೆಂಟಿ-ಥರ್ಟಿ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ಮಹಡಿ ಎಬ್ಬಿಸಿದ ಬೀದಿಗಳಲ್ಲಿ ನೆಲಮಹಡಿಗೆ ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಮೋಡ, ಗಾಡಿಗಳ ಹೊಗೆ ಇನ್ನೊಂದಿಷ್ಟು ತಿನ್ನುತ್ತವೆ.

ಮೇಲಿಂದ ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಅದು ಯುವಿಯನ್ನು ತಡೆದು ಕಾಪಾಡುತ್ತದೆ. ಅದಕ್ಕೇ ಬಿಳಿ ಚರ್ಮದವರಿಗೆ ಹೇಳುವ ಹತ್ತು ನಿಮಿಷ ನಮಗೆ ಸಾಲದು, ಕೈಕಾಲು ತೆರೆದು ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಬೇಕು. ಆದರೆ ಮಧ್ಯಾಹ್ನ ಹೊರಗೆ ಹೋಗು ಅಂದರೆ ಬಂಗು ಬರುತ್ತೆ, ಕಪ್ಪಾಗ್ತೀವಿ ಅನ್ನುವ ಭಯ. ಕಪ್ಪಾದರೆ ಏನೀಗ ಅನ್ನುವುದು ಬೇರೆಯೇ ಲೇಖನದ ವಿಷಯ.

ಊಟದಿಂದ ತುಂಬಿಸುವುದು ಕಷ್ಟ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿದೆ. ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ದೊಡ್ಡವರಿಗೆ ಹೇಳಿರುವುದು ದಿನಕ್ಕೆ 600 ಐಯು. ಸಸ್ಯಾಹಾರಿಗಳ ತಟ್ಟೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಂದಹಾಗೆ ಅಂಗಡಿಯ ಡಿ3 ಬಹುಪಾಲು ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ.

60,000ದ ಸ್ಯಾಶೆ

60,000 ಅನ್ನುವ ಅಂಕಿ ದೊಡ್ಡದಾಗಿ ಕೇಳುತ್ತದೆ. ತೂಕದಲ್ಲಿ ಅದು ಒಂದೂವರೆ ಮಿಲಿಗ್ರಾಂ ವಿಟಮಿನ್, ಉಳಿದದ್ದೆಲ್ಲ ಸಕ್ಕರೆ, ಫ್ಲೇವರ್. ವಾರಕ್ಕೊಂದು ಅಂದರೆ ದಿನಕ್ಕೆ ಸುಮಾರು 8,570 ಐಯು. ನಿಜವಾದ ಕೊರತೆಗೆ ಎಂಟು ವಾರ ಇದು ಸರಿಯಾದ ಚಿಕಿತ್ಸೆ. ತೊಂದರೆ ಶುರುವಾಗುವುದು ಒಂಬತ್ತನೇ ವಾರದಲ್ಲಿ. ಚೀಟಿ ಕಳೆದುಹೋಗಿರುತ್ತದೆ, ಸ್ಯಾಶೆ ಸಿಗುತ್ತಲೇ ಇರುತ್ತದೆ. ಕೆಲವರು ವಾರಕ್ಕೊಂದು ಅನ್ನುವುದನ್ನು ದಿನಕ್ಕೊಂದು ಅಂತ ತಿಳಿದುಕೊಳ್ಳುತ್ತಾರೆ.

ಬಿ, ಸಿ ವಿಟಮಿನ್ ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲೇ ಕೂರುತ್ತದೆ. ಬಿಸಿಲಿನಿಂದ ಅತಿಯಾಗುವುದಿಲ್ಲ, ಏಕೆಂದರೆ ಹೆಚ್ಚಾದದ್ದನ್ನು ಬಿಸಿಲೇ ಒಡೆದುಹಾಕುತ್ತದೆ. ಸ್ಯಾಶೆಗೆ ಆ ಕಡಿವಾಣ ಇಲ್ಲ. ರಕ್ತದ ಮಟ್ಟ 150 ದಾಟಿದರೆ ಕ್ಯಾಲ್ಸಿಯಂ ಮಿತಿಮೀರಿ ಏರುವ ಅಪಾಯ. ವಾಂತಿ, ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ, ಹಿರಿಯರಲ್ಲಿ ಗೊಂದಲ, ಕೊನೆಗೆ ಕಿಡ್ನಿಗೆ ಪೆಟ್ಟು. ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಡುವುದೂ ಯಾವಾಗಲೂ ಜಾಣತನವಲ್ಲ. ಆಸ್ಟ್ರೇಲಿಯಾದಲ್ಲಿ 2,256 ವಯಸ್ಸಾದ ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ವರ್ಷಕ್ಕೊಮ್ಮೆ 5 ಲಕ್ಷ ಐಯು ಪಡೆದವರು ಬೀಳುವುದೂ ಮೂಳೆ ಮುರಿದುಕೊಳ್ಳುವುದೂ ಹೆಚ್ಚಾಯಿತು. ಕಾಪಾಡಬೇಕಾದದ್ದೇ ಕೈಕೊಟ್ಟಿತ್ತು. 50 ದಾಟಿದವರಿಗೆ ಬೇಕಾದರೆ ದಿನಾ ಸಣ್ಣ ಡೋಸ್ ಕೊಡಿ ಎಂದು 2024ರ ಮಾರ್ಗಸೂಚಿಯೂ ಹೇಳುತ್ತದೆ.

ಟೆಸ್ಟ್ ಒಬ್ಬರಿಗೆ, ಕೊರತೆ ಇನ್ನೊಬ್ಬರಿಗೆ

ಆ ಮಾರ್ಗಸೂಚಿಯ ಇನ್ನರ್ಧ ಸುದ್ದಿಯಾಗಲೇ ಇಲ್ಲ. ಟೆಸ್ಟ್ ಮಾಡದೆಯೇ ವಿಟಮಿನ್ ಡಿ ಕೊಡಬಹುದಾದವರ ಪಟ್ಟಿ ಅದರಲ್ಲಿದೆ: 1ರಿಂದ 18 ವರ್ಷದವರು, ಗರ್ಭಿಣಿಯರು, 75 ದಾಟಿದವರು, ಶುಗರ್ ಬರುವ ಅಂಚಿನಲ್ಲಿರುವವರು. ಶಿಶುಗಳ ವಿಷಯದಲ್ಲಿ ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಮೊದಲಿಂದ ಸ್ಪಷ್ಟ. ಎದೆಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ, ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಾ 400 ಐಯು ಹನಿ ಹಾಕಬೇಕು.

ಈಗ ಬೆಂಗಳೂರಿನಲ್ಲಿ ಟೆಸ್ಟ್ ಮಾಡಿಸುವವರು ಯಾರು ಅಂತ ಯೋಚಿಸಿ. ಕಂಪನಿ ಪ್ಯಾಕೇಜ್ ಇರುವ ಮೂವತ್ತೈದರ ಎಂಜಿನಿಯರ್. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊತ್ತು ಏರುವ ಮುಂಚೆ ಒಳಗೆ ಹೋಗಿ ಸಂಜೆ ಹೊರಬರುವ ಗರ್ಭಿಣಿ ಟೆಸ್ಟ್ ಮಾಡಿಸುವವರಲ್ಲಿಲ್ಲ. ಲಿಫ್ಟಿಲ್ಲದ ಮೂರನೇ ಮಹಡಿಯಿಂದ ಇಳಿಯಲಾಗದ ಎಂಬತ್ತರ ಅಜ್ಜಿಯೂ ಇಲ್ಲ. ಪ್ಯಾಕೇಜ್ ಇರುವವರಿಗೆ ವರ್ಷಕ್ಕೆ ಎರಡು ಸಲ ಅಳತೆ, ಅಗತ್ಯ ಇರುವವರಿಗೆ ಒಂದೂ ಇಲ್ಲ. ಇಬ್ಬರಲ್ಲಿ ಗೊಂದಲಕ್ಕೆ ಬಿದ್ದಿರುವುದು ಮೊದಲನೆಯವರು, ಸುದ್ದಿ ಬರುವುದೂ ಅವರಿಗಾಗಿ.

ಇದಕ್ಕೆ ಅಳತೆಯಿಲ್ಲದ ದಾರಿಯೂ ಇದೆ. ಫಿನ್‌ಲ್ಯಾಂಡ್ 2003ರಲ್ಲಿ ಹಾಲಿಗೆ ವಿಟಮಿನ್ ಡಿ ಬೆರೆಸಲು ಶುರುಮಾಡಿ, 2010ರಲ್ಲಿ ಪ್ರಮಾಣ ದುಪ್ಪಟ್ಟು ಮಾಡಿತು. ದೊಡ್ಡವರ ಸರಾಸರಿ ಮಟ್ಟ 19ರಿಂದ 26ಕ್ಕೆ ಏರಿತು. ನಮ್ಮಲ್ಲೂ 2018ರ ನಿಯಮವಿದೆ. ಪೋಷಕಾಂಶ ಬೆರೆಸಿದೆ ಎಂದು ಹೇಳುವ 'ಪ್ಲಸ್ ಎಫ್' ಗುರುತಿರುವ ಹಾಲಿನ ಒಂದು ಲೀಟರಿನಲ್ಲಿ 200ರಿಂದ 300 ಐಯು ಇರಬೇಕು. ಆದರೆ ಬೆರೆಸುವುದು ಕಡ್ಡಾಯವಲ್ಲ. ಒಂದು ಲೋಟಕ್ಕೆ ಲೆಕ್ಕ ಹಾಕಿದರೆ 40ರಿಂದ 60 ಐಯು, ದಿನದ 600ರ ಮುಂದೆ ಚಿಟಿಕೆ. ಕಾಫಿಗಷ್ಟೇ ಹಾಲು ಕೊಳ್ಳುವ ಮನೆಗೆ ಅದೂ ಇಲ್ಲ. ಬೆರೆಸಬಹುದಾದ ಇನ್ನೊಂದು ವಸ್ತು ಅಡುಗೆ ಎಣ್ಣೆ. ಸೀಲಾದ ಪ್ಯಾಕೆಟ್ ಕೊಳ್ಳುವವರಿಗೆ ಅದು ತಲುಪೀತು, ಬಿಡಿ ಎಣ್ಣೆ ಅಳೆಸಿಕೊಂಡು ಬರುವವರಿಗೆ ಕಷ್ಟ.

ಕ್ಷೀರಭಾಗ್ಯ 2013ರಿಂದ ಸರ್ಕಾರಿ ಶಾಲೆಗಳಿಗೆ ಹಾಲು ಕಳಿಸುತ್ತಿದೆ, 2024ರಿಂದ ವಾರದ ಕೆಲವು ದಿನ ಅದರಲ್ಲಿ ರಾಗಿ ಮಾಲ್ಟ್ ಕೂಡ ಸೇರಿದೆ. ಕ್ಯಾಲ್ಸಿಯಂ ಮಗುವಿನ ಕೈಗೆ ಬಂದಂತಾಯಿತು. ಲೋಟದಲ್ಲಿರುವುದು 150 ಮಿಲಿಲೀಟರ್. ಅದಕ್ಕೆ ನಿಯಮದ ಪ್ರಕಾರ ವಿಟಮಿನ್ ಡಿ ಬೆರೆಸಿದರೂ 30ರಿಂದ 45 ಐಯು ಅಷ್ಟೇ, ಉಳಿದದ್ದು ಮೈದಾನದಿಂದಲೇ ಬರಬೇಕು. ಪೀಟಿ ಪೀರಿಯಡ್ ಬೆಳಗ್ಗೆ ಮೊದಲನೆಯದಾಗಿದ್ದರೆ ಮಕ್ಕಳ ನೆರಳು ಅವರಿಗಿಂತ ಉದ್ದ ಇರುತ್ತದೆ. ಹನ್ನೊಂದರ ಮೇಲಿದ್ದರೆ, ಡಿಸೆಂಬರ್‌ನಲ್ಲೂ, ಗಿಡ್ಡ.